ಉಟ್ಟ ಅರಿವೆಯನ್ನು ಹಿಂತಿರುಗಿಸಬಹುದೆ?

ಸ್ನೇಹಸಮ್ಮೇಳನದ ದಿನಗಳು ಬಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಪಾಠಕ್ಕಿಂತ ಪೋಷಾಕಿನ ಚಿಂತೆ ಹೆಚ್ಚು. ಮಗಳಿಗೆ ಕುಣಿತಕ್ಕೆ ಘಾಗ್ರಾ ಬೇಕು, ಮಗನಿಗೆ ಶಿವಾಜಿ ಮಹಾರಾಜರ ಅಂಗರಖಾ ಬೇಕು, ಇನ್ನೊಬ್ಬನಿಗೆ ಕಿತ್ತೂರು ಚೆನ್ನಮ್ಮನ ದರಬಾರಿನ ಸರದಾರನ ವೇಷ ಬೇಕು. ಎಲ್ಲವೂ ಒಂದೇ ಸಂಜೆಯ ಮಾತು. ಈಗ ಹಳ್ಳಿ ಹಳ್ಳಿಗೂ ಪಾರ್ಸೆಲ್ ಬರುತ್ತದೆ. ಹಾಗಾಗಿ ಹೊಸದೊಂದು ಉಪಾಯವೂ ಬಂದಿದೆ: ಮೊಬೈಲಿನಲ್ಲಿ ತರಿಸು, ಚೀಟಿ ಹರಿಯದಂತೆ ಒಳಗೆ ಮಡಚಿ ಉಡಿಸು, ಮರುದಿನ "ಅಳತೆ ಸರಿಯಾಗಲಿಲ್ಲ" ಎಂದು ಬರೆದು ವಾಪಸ್ ಕಳಿಸು, ದುಡ್ಡು ತಿರುಗಿ ಖಾತೆಗೆ ಬರುತ್ತದೆ. ಮದುವೆಗೆ ಉಟ್ಟ ಸೀರೆ, ಸಂದರ್ಶನಕ್ಕೆ ತೊಟ್ಟ ಕೋಟು ಕೂಡ ಹೀಗೆಯೇ ಹೋಗಿ ಬರುತ್ತವೆ.

ಇದು ತಪ್ಪೆ? "ಅಂಗಡಿಯವರೇ ವಾಪಸ್ ತಗೋತೀವಿ ಅಂತಾರಲ್ಲ, ನಮ್ಮದೇನು ತಪ್ಪು?" ಎನ್ನುವವರಿದ್ದಾರೆ. ಇದು ಹೊಸ ಕಾಲದ ಹೊಸ ಪ್ರಶ್ನೆ ಎಂದು ಅನಿಸಬಹುದು. ಆದರೆ ಇತಿಹಾಸದ ಪುಟ ತಿರುವಿದರೆ ಈ ಪ್ರಶ್ನೆಗೆ ಒಂದೂವರೆ ಸಾವಿರ ವರ್ಷಗಳ ವಯಸ್ಸಾದರೂ ಇದೆ ಎಂದು ಕಂಡುಬರುತ್ತದೆ.

ನಮ್ಮ ಹಳೆಯ ಧರ್ಮಶಾಸ್ತ್ರಗಳು ವ್ಯವಹಾರದ ತಂಟೆಗಳನ್ನು ವಿಂಗಡಿಸುವಾಗ ಒಂದಕ್ಕೆ 'ಕ್ರೀತಾನುಶಯ' ಎಂದು ಹೆಸರಿಟ್ಟವು. ಕ್ರೀತ ಎಂದರೆ ಕೊಂಡದ್ದು, ಅನುಶಯ ಎಂದರೆ ಆಮೇಲಿನ ಪಶ್ಚಾತ್ತಾಪ. ಕೊಂಡ ಮೇಲೆ "ಯಾಕಾದರೂ ಕೊಂಡೆನೋ" ಎನಿಸುವುದು ಮನುಷ್ಯ ಸಹಜ ಎಂದು ಆ ಕಾಲದವರು ಬಲ್ಲರು. ಮನುಸ್ಮೃತಿ ಇದಕ್ಕೆ ಹತ್ತು ದಿನಗಳ ಅವಕಾಶ ಕೊಟ್ಟಿತು. ನಾರದಸ್ಮೃತಿ ಇನ್ನೂ ಸೂಕ್ಷ್ಮವಾಗಿ ಹೋಯಿತು. ಕೊಂಡ ದಿನವೇ, ಮಾಲು ಕೆಡದ ಹಾಗೆ ಹಿಂತಿರುಗಿಸಿದರೆ ಪೂರ್ತಿ ಹಣ. ಎರಡನೆಯ ದಿನವಾದರೆ ಬೆಲೆಯ ಮೂವತ್ತನೇ ಒಂದು ಭಾಗ ಕಡಿತ. ಮೂರನೆಯ ದಿನ ಅದರ ಇಮ್ಮಡಿ. ಆಮೇಲೆ ಮಾಲು ಕೊಂಡವನದೇ. ಇಂದಿನ ಲೆಕ್ಕದಲ್ಲಿ 3000 ರೂಪಾಯಿಯ ಸೀರೆಯಾದರೆ ಎರಡನೆಯ ದಿನ 100 ರೂಪಾಯಿ, ಮೂರನೆಯ ದಿನ 200 ರೂಪಾಯಿ ಕಳೆದುಕೊಳ್ಳಬೇಕು.

ಪರೀಕ್ಷಿಸಿ ನೋಡುವ ಅವಧಿಯೂ ವಸ್ತುವಿನ ಗುಣದ ಮೇಲೆ ನಿಂತಿತ್ತು. ಬೀಜಕ್ಕೆ ಹತ್ತು ದಿನ, ಏಕೆಂದರೆ ಮೊಳಕೆ ಬರಬೇಕು. ರತ್ನಕ್ಕೆ ಏಳು ದಿನ, ಹೊರೆ ಹೊರುವ ಪ್ರಾಣಿಗೆ ಐದು ದಿನ, ಹಾಲು ಕೊಡುವ ಹಸುವಿಗೆ ಮೂರು ದಿನ. ಬಟ್ಟೆಗೆ ಎಷ್ಟು? ನಾರದನ ಪ್ರಕಾರ ಒಂದೇ ದಿನ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಬಟ್ಟೆಯ ಗುಣ ತಿಳಿಯುತ್ತದೆ, ಅದಕ್ಕೆ ಹೆಚ್ಚು ದಿನ ಬೇಡ ಎನ್ನುವುದು ಇದರ ಹಿಂದಿನ ವಿಚಾರವಿರಬೇಕು.

ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಮಾತು ಇದರ ಬೆನ್ನಿಗೇ ಬರುತ್ತದೆ. ಉಟ್ಟು, ಮುದುಡಿ, ಕೊಳೆಯಾದ ಬಟ್ಟೆ, ಮಾರುವಾಗಲೇ ಅದರಲ್ಲಿ ದೋಷವಿದ್ದರೂ ಸಹ, ಮಾರಿದವನಿಗೆ ತಿರುಗಿ ಹೋಗುವುದಿಲ್ಲ ಎನ್ನುತ್ತಾನೆ ನಾರದ. ದೋಷ ಕಂಡರೆ ಉಡುವ ಮೊದಲೇ ಹೇಳಬೇಕಿತ್ತು. ಉಟ್ಟಾಯಿತೆಂದರೆ ಒಪ್ಪಿಕೊಂಡಂತಾಯಿತು. ನೋಡುವುದು ಬೇರೆ, ಬಳಸುವುದು ಬೇರೆ ಎನ್ನುವ ಗೆರೆಯನ್ನು ಅಂದೇ ಎಳೆದಿದ್ದರು.

ಯಾಕೆ ಇಷ್ಟು ಬಿಗಿ? ಅದಕ್ಕೂ ನಾರದನಲ್ಲಿ ಲೆಕ್ಕವಿದೆ. ಒಂದು ಸಲ ಒಗೆದರೆ ಬಟ್ಟೆಯ ಬೆಲೆಯಲ್ಲಿ ಎಂಟನೇ ಒಂದು ಭಾಗ ಹೋಯಿತು. ಎರಡು ಸಲಕ್ಕೆ ಕಾಲು ಭಾಗ, ಮೂರು ಸಲಕ್ಕೆ ಮೂರನೇ ಒಂದು ಭಾಗ, ನಾಲ್ಕು ಸಲಕ್ಕೆ ಅರ್ಧ. ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ ಈ ಲೆಕ್ಕ ಕೊಡಬಹುದು: 2400 ರೂಪಾಯಿಯ ಸೀರೆ ಒಮ್ಮೆ ಒಗೆದರೆ 2100, ಎರಡು ಸಲಕ್ಕೆ 1800, ಮೂರು ಸಲಕ್ಕೆ 1600, ನಾಲ್ಕು ಸಲಕ್ಕೆ 1200. ಬಟ್ಟೆಯ ಹೊಸತನಕ್ಕೇ ಒಂದು ಬೆಲೆಯಿದೆ, ಅದು ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ ಎಂದು ಇದರ ಅರ್ಥ. ಒಂದು ಸಂಜೆ ಉಟ್ಟು ಹಿಂತಿರುಗಿಸಿದವನು ಬಟ್ಟೆಯನ್ನು ಕೊಟ್ಟಿರಬಹುದು, ಹೊಸತನವನ್ನು ಇಟ್ಟುಕೊಂಡಿದ್ದಾನೆ.

ಈ ಲೆಕ್ಕ ನಮ್ಮ ನೆಲಕ್ಕೂ ಬಂದಿದೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಪಕ್ಕಕ್ಕೇ ಇರುವ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಮುಂದೆ ಬ್ರಿಟಿಷರ ನ್ಯಾಯಾಲಯಗಳೂ ಆಸ್ತಿ ಹಂಚಿಕೆಗೆ ಆಧಾರ ಮಾಡಿಕೊಂಡ ಗ್ರಂಥ ಇದೇ. ಅಗಸ ಬಟ್ಟೆ ಹಾಳು ಮಾಡಿದರೆ ಎಷ್ಟು ಕೊಡಬೇಕು ಎನ್ನುವಲ್ಲಿ ವಿಜ್ಞಾನೇಶ್ವರ ನಾರದನ ಇದೇ ಒಗೆತದ ಲೆಕ್ಕವನ್ನು ಮುಂದಿಡುತ್ತಾನೆ.

ಅಗಸನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಪರರ ಬಟ್ಟೆಯನ್ನು ಉಟ್ಟ ಅಗಸನಿಗೆ ಯಾಜ್ಞವಲ್ಕ್ಯ ಮೂರು ಪಣ ದಂಡ ಹಾಕುತ್ತಾನೆ. ಅದನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆ ಇಟ್ಟರೆ ಹತ್ತು ಪಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಉಟ್ಟರೆ ಮೂರು ಪಣ, ಮಾರಿದರೆ ಅಥವಾ ಬಾಡಿಗೆಗೆ ಕೊಟ್ಟರೆ ಹನ್ನೆರಡು ಪಣ. ಅಗಸರು ಗದೆಯ ಗುರುತು ಹಾಕಿದ ಬಟ್ಟೆಯನ್ನೇ ಉಡಬೇಕು ಎಂಬ ನಿಯಮವೂ ಅದರಲ್ಲಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದ್ದು ಇದೇ ಅರ್ಥಶಾಸ್ತ್ರವನ್ನು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೊಂಡು ಉಟ್ಟ ಗೃಹಸ್ಥನಿಗೆ ಆಗುವ ನಷ್ಟ ಇಷ್ಟೇ, ಬಟ್ಟೆ ಅವನಲ್ಲೇ ಉಳಿಯುತ್ತದೆ. ಬಡ ಅಗಸ ಒಗೆಯಲು ಬಂದ ಧೋತರವನ್ನು ಒಂದು ದಿನ ಸುತ್ತಿಕೊಂಡರೆ ದಂಡ ತೆರಬೇಕು, ಗುರುತಿನ ಬಟ್ಟೆ ತೊಡಬೇಕು. ನಾರದನ ಪರೀಕ್ಷೆಯ ಪಟ್ಟಿಯಲ್ಲಿ ಹಸು, ಬೀಜಗಳ ಸಾಲಿನಲ್ಲೇ ಕೊಂಡು ತಂದ ಆಳುಗಳಿಗೂ ದಿನ ನಿಗದಿಯಾಗಿದೆ. ಆದ್ದರಿಂದ ಈ ಗ್ರಂಥಗಳಲ್ಲಿ ಇರುವುದೆಲ್ಲ ಒಪ್ಪತಕ್ಕದ್ದೆಂದು ನಾವು ಹೇಳುವುದಿಲ್ಲ. ಅವುಗಳ ತಕ್ಕಡಿ ಒಂದು ಕಡೆಗೆ ವಾಲಿತ್ತು. ಅನುಮಾನ ಯಾವಾಗಲೂ ಬಡವನ ಮೇಲೇ ಬೀಳುತ್ತಿತ್ತು.

ಆ ಅನುಮಾನಕ್ಕೆ ಉತ್ತರ ಕೂಡ ಕಲ್ಯಾಣದಲ್ಲೇ ಸಿಕ್ಕಿತು. ವಿಜ್ಞಾನೇಶ್ವರನ ನಂತರ ಕೆಲವೇ ದಶಕಗಳಲ್ಲಿ ಅದೇ ಊರಿಗೆ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ ಬಂದ. ಬಟ್ಟೆ ಒಗೆಯುವುದೇ ಅವನ ಕಾಯಕ. ಬಸವಣ್ಣನವರು, ನಮ್ಮ ಸೊಲ್ಲಾಪುರದ ಸಿದ್ಧರಾಮ ಇವರೆಲ್ಲ ಇದ್ದ ಶರಣರ ಕೂಟದಲ್ಲಿ ಅವನ ಮಾತಿಗೆ ತೂಕವಿತ್ತು. ಕಾಯಕ ಶುದ್ಧವಿಲ್ಲದವರ ಬಟ್ಟೆಯನ್ನು ಅವನು ಮುಟ್ಟುತ್ತಿರಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ಶಾಸ್ತ್ರ ಅಗಸನನ್ನು ಪರೀಕ್ಷಿಸಿತ್ತು, ಇಲ್ಲಿ ಅಗಸನೇ ಉಟ್ಟವರನ್ನು ಪರೀಕ್ಷಿಸಿದ. ಬಟ್ಟೆ ಯಾವ ದುಡಿಮೆಯಿಂದ ಬಂತು, ಹೇಗೆ ಬಂತು ಎಂಬ ಪ್ರಶ್ನೆ ಉಟ್ಟವನಿಗೇ ಸೇರಿತು.

ಇನ್ನು ಅಂಗಡಿಯವರ ಕಡೆ ಬರೋಣ. ಇಷ್ಟವಾಗದಿದ್ದರೆ ವಾಪಸ್ ಕೊಡಿ ಎನ್ನುವ ಇಂದಿನ ಪದ್ಧತಿ ಬೆಳೆದದ್ದು 19ನೇ ಶತಮಾನದ ಯುರೋಪು ಮತ್ತು ಅಮೆರಿಕದ ದೊಡ್ಡ ಅಂಗಡಿಗಳಲ್ಲಿ. ಪ್ಯಾರಿಸ್ಸಿನ ಬಾನ್ ಮಾರ್ಶೆ ಅಂಗಡಿಗೆ ಅರಿಸ್ತೀದ್ ಬೂಸಿಕೊ 1852ರಲ್ಲಿ ಪಾಲುದಾರನಾಗಿ ಸೇರಿ ಚೌಕಾಸಿಯಿಲ್ಲದ ಒಂದೇ ದರ, ಬೇಡವಾದರೆ ಹಿಂತಿರುಗಿಸುವ ಸವಲತ್ತು ಇವನ್ನು ರೂಢಿಗೆ ತಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಳೆಯ ರೈಲ್ವೆ ಗೋದಾಮಿನಲ್ಲಿ 1876ರಲ್ಲಿ ಭಾರಿ ಅಂಗಡಿ ತೆರೆದ ಜಾನ್ ವಾನಮೇಕರ್ ಕೂಡ ಹಣ ವಾಪಸಿನ ಭರವಸೆ ಕೊಟ್ಟ. ಷಿಕಾಗೋದ ಮಾಂಟ್ಗೊಮರಿ ವಾರ್ಡ್ 1872ರಲ್ಲಿ ಹಳ್ಳಿಯ ರೈತರಿಗೆ ಅಂಚೆಯ ಮೂಲಕ ಸಾಮಾನು ಮಾರಲು ಶುರು ಮಾಡಿ, 1875ರಲ್ಲಿ ಇದೇ ಭರವಸೆಯನ್ನು ಸಾರಿದ. ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ಹಣ ಕಳಿಸುವ ಹಳ್ಳಿಗನಿಗೆ ಆ ಭರವಸೆ ಬೇಕೇ ಬೇಕಿತ್ತು. ಇಂದು ಮೊಬೈಲಿನಲ್ಲಿ ಕೊಳ್ಳುವ ನಮಗೂ ಅಷ್ಟೇ ಬೇಕು.

ಇದರಲ್ಲಿ ವ್ಯಾಪಾರಿಯ ಜಾಣತನವೂ ಇತ್ತು. ಎಮಿಲ್ ಜೋಲಾ 1883ರಲ್ಲಿ ಬರೆದ ಪ್ಯಾರಿಸ್ಸಿನ ದೊಡ್ಡ ಅಂಗಡಿಯ ಕಾದಂಬರಿಯಲ್ಲಿ, ಹಿಂತಿರುಗಿಸುವ ಸವಲತ್ತು ಹಿಂಜರಿಯುವ ಗಿರಾಕಿಯನ್ನು ಎಳೆಯುವ ಗಾಳ ಎಂದು ತೋರಿಸಲಾಗಿದೆ. "ಗಾಳ ಹಾಕಿದವನಿಗೆ ಮೋಸ ಮಾಡಿದರೆ ಏನು ಪಾಪ?" ಎಂದು ಕೇಳುವವರಿಗೆ ಇನ್ನೊಂದು ಕಥೆ ಹೇಳಬೇಕು.

ಅಮೆರಿಕದ ಮೇನ್ ರಾಜ್ಯದಲ್ಲಿ ಎಲ್.ಎಲ್. ಬೀನ್ ಎಂಬವನು 1912ರಲ್ಲಿ ಬೇಟೆಗಾರರಿಗಾಗಿ ಬೂಟು ಮಾಡಿ ಅಂಚೆಯ ಮೂಲಕ ಮಾರಿದ. ಮೊದಲು ಮಾರಿದ 100 ಜೊತೆಗಳಲ್ಲಿ 90 ಜೊತೆ ಹರಿದು ವಾಪಸ್ ಬಂದವು. ಆತ ಎಲ್ಲರ ಹಣ ತಿರುಗಿ ಕೊಟ್ಟ, ಸಾಲ ಮಾಡಿ ಬೂಟನ್ನು ಸುಧಾರಿಸಿದ. ಅಂದಿನಿಂದ ಆ ಅಂಗಡಿ ಕಾಲಮಿತಿಯಿಲ್ಲದೆ ಮಾಲು ವಾಪಸ್ ಪಡೆಯುತ್ತಿತ್ತು. ನೂರು ವರ್ಷ ನಡೆದ ಆ ಪದ್ಧತಿ 2018ರ ಫೆಬ್ರವರಿಯಲ್ಲಿ ನಿಂತಿತು, ಒಂದು ವರ್ಷದ ಮಿತಿ ಬಂತು. ವರ್ಷಾನುಗಟ್ಟಲೆ ಬಳಸಿ ಸವೆಸಿದ್ದನ್ನೂ, ಬೇರೆಯವರಿಂದ ಕೊಂಡ ಹಳೆಯದನ್ನೂ ತಂದು ಹೊಸದು ಕೇಳುವವರು ಹೆಚ್ಚಾದದ್ದೇ ಕಾರಣ ಎಂದು ಕಂಪನಿ ಹೇಳಿತು. ಅಂಥವರು ಕೆಲವರೇ. ಸವಲತ್ತು ಕಳೆದುಕೊಂಡವರು ಎಲ್ಲರೂ. 2013ರಲ್ಲಿ ನ್ಯೂಯಾರ್ಕಿನ ಬ್ಲೂಮಿಂಗ್‌ಡೇಲ್ಸ್ ಅಂಗಡಿ ದುಬಾರಿ ಉಡುಪುಗಳ ಮೇಲೆ ಎದ್ದು ಕಾಣುವ ಜಾಗದಲ್ಲಿ ಮೂರಂಗುಲದ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಹಾಕತೊಡಗಿತು. ಅದನ್ನು ತೆಗೆದರೆ ವಾಪಸ್ ಇಲ್ಲ. ಅಗಸನ ಬಟ್ಟೆಯ ಗದೆಯ ಗುರುತು ಈಗ ಗಿರಾಕಿಯ ಬಟ್ಟೆಗೆ ಬಂದಂತಾಯಿತು.

ಇಂದಿನ ಕಾನೂನು ಏನು ಹೇಳುತ್ತದೆ? ಯುರೋಪಿನಲ್ಲಿ 2011ರಲ್ಲಿ ಆಗಿ 2014ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ದೂರದಿಂದ ತರಿಸಿದ ಮಾಲನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಆದರೆ ಬಟ್ಟೆಯನ್ನು ಅಂಗಡಿಯಲ್ಲಿ ತೊಟ್ಟು ನೋಡುವಷ್ಟೇ ನೋಡಬೇಕು, ಉಟ್ಟು ಓಡಾಡುವಂತಿಲ್ಲ. ಬಳಸಿ ಬೆಲೆ ತಗ್ಗಿಸಿದರೆ ಆ ನಷ್ಟ ಗಿರಾಕಿಯದು. ನಾರದನ ಗೆರೆಯೇ ಅಲ್ಲವೆ ಇದು! ನಮ್ಮಲ್ಲಿ 1930ರ ಸರಕು ಮಾರಾಟ ಕಾಯಿದೆಯೂ ಹಾಗೆಯೇ. ಒಪ್ಪಿಗೆಯಾದರೆ ಇಟ್ಟುಕೊ ಎಂದು ಕೊಟ್ಟ ಮಾಲನ್ನು ತನ್ನದೆಂಬಂತೆ ನಡೆಸಿಕೊಂಡರೆ ಕೊಂಡಂತೆಯೇ ಲೆಕ್ಕ. ಮುಂಬಯಿ ಪೇಟೆಯ 'ಜಾಂಗಡ' ವ್ಯವಹಾರ, ಅಂದರೆ ಒಪ್ಪಿಗೆಯ ಮೇಲೆ ಮಾಲು ಕಳಿಸುವ ರೂಢಿ, ನಿಂತದ್ದು ಇದೇ ನಂಬಿಕೆಯ ಮೇಲೆ.

ಗಿರಾಕಿಯ ಹಕ್ಕನ್ನೂ ಮರೆಯಬಾರದು. "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿ, ಬಣ್ಣ ಬಿಡುವ ಬಟ್ಟೆಯನ್ನು ಕೊಟ್ಟು ಕೈ ತೊಳೆದುಕೊಂಡ ಅಂಗಡಿಗಳನ್ನು ನಾವೆಲ್ಲ ಕಂಡಿದ್ದೇವೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2020ರ ಜುಲೈಯಿಂದ ಜಾರಿಗೆ ಬಂದಿರುವ 2019ರ ಕಾಯಿದೆ, ದೋಷವಿರುವ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿದೆ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನ. ಈ ಹಕ್ಕು ಬಡ ಗಿರಾಕಿಗೆ ತಡವಾಗಿ ಸಿಕ್ಕದ್ದು. ಉಟ್ಟು ಹಿಂತಿರುಗಿಸುವವರು ಹೆಚ್ಚಾದಷ್ಟೂ ನಿಜವಾಗಿ ಹರಕು ಬಟ್ಟೆ ಬಂದವರ ಮಾತನ್ನೂ ಯಾರೂ ನಂಬುವುದಿಲ್ಲ.

ನಷ್ಟ ಯಾರಿಗೆ ಎಂದೂ ನೋಡಬೇಕು. ದೊಡ್ಡ ಕಂಪನಿಯ ಹೆಸರಿನಲ್ಲಿ ಮಾರುವವರು ಅನೇಕ ಸಲ ಸಣ್ಣ ವ್ಯಾಪಾರಿಗಳು. ಚಾದರ, ಟವೆಲ್ಲುಗಳ ಊರಾದ ಸೊಲ್ಲಾಪುರದಲ್ಲಿ ಮಗ್ಗದ ಮನೆಯ ಮಕ್ಕಳು ನಮ್ಮ ಮಕ್ಕಳ ಜೊತೆಯಲ್ಲೇ ಓದುತ್ತಾರೆ. ಇನ್ನೊಂದು ನಷ್ಟ, ಅದೇ ಬಟ್ಟೆಯನ್ನು ಹೊಸದೆಂದು ನಂಬಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಮುಂದಿನ ತಾಯಿಗೆ.

ಹಾಗಾದರೆ ಒಂದು ಸಂಜೆಯ ಪೋಷಾಕಿಗೆ ಬಡ ಪಾಲಕರು ಏನು ಮಾಡಬೇಕು? ಇದು ನಿಜವಾದ ಕಷ್ಟ. ವೇಷವಿಲ್ಲದ ಮಗು ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುವುದು ನಮಗೆ ಗೊತ್ತು. ಆದರೆ ಇದಕ್ಕೆ ನಮ್ಮ ಹಿರಿಯರ ಹತ್ತಿರ ಸುಳ್ಳು ಹೇಳದ ದಾರಿಗಳಿದ್ದವು. ಊರ ನಾಟಕಕ್ಕೆ ಪೋಷಾಕು, ಕಿರೀಟ, ಸೀನರಿ ಎಲ್ಲವೂ ಬಾಡಿಗೆಗೆ ಬರುತ್ತಿದ್ದವು. ಮದುವೆಗೆ ಓರಗಿತ್ತಿಯ ಇಳಕಲ್ ಸೀರೆ, ನೆರೆಮನೆಯ ಅಕ್ಕನ ಸರ ಎರವಲು ಬರುತ್ತಿದ್ದವು. ಎರವಲು ತಂದದ್ದನ್ನು ಎರವಲು ಎಂದೇ ಹೇಳಿ ತಂದರೆ ನಾಚಿಕೆಯಿಲ್ಲ. ಕೊಳ್ಳುತ್ತೇನೆಂದು ಹೇಳಿ ಎರವಲು ತರುವುದು ಮಾತ್ರ ಸುಳ್ಳು.

ನಮ್ಮ ಕನ್ನಡ ಶಾಲೆಗಳು ಒಂದೊಂದು ಪೋಷಾಕಿನ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಪ್ರತಿ ವರ್ಷ ಎರಡು ಮೂರು ವೇಷ ಸೇರಿಸುತ್ತ ಹೋದರೆ ಸಾಕು. ಒಂದು ವಹಿ ಇಟ್ಟು ಯಾರು ಒಯ್ದರು, ಒಗೆದು ತಂದರೆ ಇಲ್ಲವೆ ಎಂದು ಮಕ್ಕಳ ಕೈಯಿಂದಲೇ ಬರೆಸೋಣ. ನೆರೆಯೂರಿನ ಶಾಲೆ ಕೇಳಿದರೂ ಕೊಡೋಣ. ಹುಡುಗಿ ಕುಣಿಯುವಾಗ ಅಂಗಿಯ ಒಳಗೆ ಮಡಚಿಟ್ಟ ಚೀಟಿ ಹರಿದೀತು ಎಂದು ಹೆದರಿ ಕೈ ಎತ್ತದೆ ಇರುವುದು ಬೇಡ.