ಕಲ್ಲು ನೆಡುವ ಸಮಾಜ



ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಗರುಡಗಂಬವಿದೆ. ಒಡೆಯನಾದ ಇಮ್ಮಡಿ ವೀರಬಲ್ಲಾಳನೊಡನೆ ದಂಡನಾಯಕ ಕುವರ ಲಕ್ಷ್ಮನು ತಾನಾಗಿ ಪ್ರಾಣ ನೀಗಿದ ನೆನಪು ಅದು. ನಾಡಿನ ಹಲವು ಊರುಗಳಲ್ಲಿ ಮಾಸ್ತಿಕಲ್ಲುಗಳೂ ನಿಂತಿವೆ. ಅವರೆಲ್ಲ ಸ್ವಂತ ಇಚ್ಛೆಯಿಂದ ಸತ್ತರೆನ್ನೋಣವೇ? ಸತ್ತರೆ ಕಲ್ಲು ನೆಟ್ಟು ಪೂಜಿಸುವ, ಬದುಕಿದರೆ ಹಂಗಿಸುವ ಸಮಾಜವೇ ಆ ಇಚ್ಛೆಯನ್ನು ಬಿತ್ತಿತು.

1829ರಲ್ಲಿ ಬಂಗಾಳದಲ್ಲಿ ಸತಿ ಪದ್ಧತಿ ನಿಷೇಧವಾಯಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸಿತು.

ಶರಣರು ಕಾಯವನ್ನು ಶಿವನ ನೆಲೆಯೆಂದು ಕಂಡರು. ಹೆಣ್ಣಿಗೂ ಲಿಂಗವಿತ್ತು ಬದುಕಿಗೆ ಮರ್ಯಾದೆ ತಂದರು. ಸತ್ತವರಿಗೆ ಕಲ್ಲು ನೆಡುವುದು ಸುಲಭ. ಸಾಲದಲ್ಲಿ, ಅವಮಾನದಲ್ಲಿ ಬೆಂದವರ ಬಾಗಿಲಿಗೆ ಇಂದೇ ಹೋಗಿ ‘ನಾವಿದ್ದೇವೆ’ ಎನ್ನಿರಿ. ಅದೇ ನಿಜವಾದ ದಾಸೋಹ.