ಯಂತ್ರದ ನಾಡಿ: ಕಿವಿಯ ಅರಿವಿನಿಂದ ಅಗ್ಗದ ಸಂವೇದಕದವರೆಗೆ

ಯಂತ್ರ ಕೆಡುವ ಮುನ್ನ ಅದರ ಸದ್ದು ಬದಲಾಗುತ್ತದೆ ಎಂಬುದು ಕಾರ್ಖಾನೆಯ ದುಡಿಮೆಗಾರರ ಬಹುಕಾಲದ ಅರಿವು. ಮೋಟಾರಿನ ಬೇರಿಂಗ್ ಕವಚಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಆಲಿಸುವ ರೂಢಿ ಇಂದಿಗೂ ಉಳಿದಿದೆ. ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ಉದ್ದ ಹಿಡಿಯ ಸುತ್ತಿಗೆಯಿಂದ ರೈಲಿನ ಗಾಲಿಗಳನ್ನು ತಟ್ಟುತ್ತ ಸಾಗುತ್ತಿದ್ದ ಕೆಲಸಗಾರನೂ ಇದೇ ಪರಂಪರೆಗೆ ಸೇರಿದವನು. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಹಿರಿಯನಿಂದ ಕಿರಿಯನಿಗೆ ಕೆಲಸದ ನಡುವೆಯೇ ದಾಟಿ ಬಂದ ಈ ಜ್ಞಾನವನ್ನು ಕಸುಬಿನ ಜಾನಪದವೆಂದೇ ಪರಿಗಣಿಸಬೇಕಾಗುತ್ತದೆ. ಅಗ್ಗದ ಎಲೆಕ್ಟ್ರಾನಿಕ್ ಸಾಧನಗಳಿಂದ ಯಂತ್ರಗಳ ಆರೋಗ್ಯವನ್ನು ಗಮನಿಸುವ ಇಂದಿನ ಪದ್ಧತಿಯ ಚರಿತ್ರೆಯನ್ನು ಇಲ್ಲಿಂದ ಆರಂಭಿಸುವುದು ಉಚಿತ.

ಈ ಅರಿವನ್ನು ಅಳತೆಗೆ ಒಳಪಡಿಸಿದ ಆರಂಭಿಕ ಪ್ರಯತ್ನಗಳಲ್ಲಿ, ಅಮೆರಿಕದ ವಿಮಾ ಕಂಪನಿಯೊಂದರ ಎಂಜಿನಿಯರ್ ಟಿ.ಸಿ. ರಾತ್‌ಬೋನ್ 1939ರಲ್ಲಿ ಪ್ರಕಟಿಸಿದ ಕಂಪನದ ನಕ್ಷೆ ಮುಖ್ಯವಾದುದು. ಕಂಪನವನ್ನು ಅಂಕಿಗಳಲ್ಲಿ ಕೊಟ್ಟರೂ ಯಂತ್ರದ ಸ್ಥಿತಿಯನ್ನು ಅದು ನಯ, ಒರಟು ಎಂಬಂತಹ ಮಾತುಗಳಲ್ಲಿಯೇ ವರ್ಗೀಕರಿಸಿತು. ಇವು ಅಂಗೈಯ ಸ್ಪರ್ಶಕ್ಕೆ ಸೇರಿದ ಪದಗಳೆಂಬುದು ಗಮನಾರ್ಹ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ವಿಮಾನಗಳನ್ನು ಅಭ್ಯಸಿಸಿದ ಸಿ.ಎಚ್. ವ್ಯಾಡಿಂಗ್‌ಟನ್ ಮತ್ತು ಸಂಗಡಿಗರು, ನಿಗದಿತ ತಪಾಸಣೆಯ ಬೆನ್ನಿಗೇ ದೋಷಗಳು ಹೆಚ್ಚುವುದನ್ನು ಕಂಡರು. ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಚ್ಚಿದ್ದೇ ಕೆಡುಕಿಗೆ ದಾರಿಯಾಗಿತ್ತು. 1978ರ ನೌಲನ್ ಮತ್ತು ಹೀಪ್ ವರದಿಯು, ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ಶೇ. 89ರಷ್ಟಕ್ಕೆ ಬಳಕೆಯ ಕಾಲಮಿತಿ ವಿಧಿಸುವುದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಪಂಚಾಂಗ ನೋಡಿ ದುರಸ್ತಿ ಮಾಡುವುದಕ್ಕಿಂತ ಯಂತ್ರದ ಸ್ಥಿತಿ ನೋಡಿ ಮಾಡುವುದು ಮೇಲೆಂಬ ವಿಚಾರ ಹೀಗೆ ಬಲಗೊಂಡಿತು. ಆದರೆ ಅದಕ್ಕೆ ಬೇಕಾದ ಸಾಧನಗಳು ದುಬಾರಿಯಾಗಿದ್ದು, ಸಣ್ಣ ಗಿರಣಿಗಳ ಕೈಗೆ ಎಟುಕುತ್ತಿರಲಿಲ್ಲ.

ಪರಿಹಾರ ಅನಿರೀಕ್ಷಿತ ದಿಕ್ಕಿನಿಂದ ಬಂದಿತು. 1990ರ ದಶಕದ ಆರಂಭದಲ್ಲಿ ಅನಲಾಗ್ ಡಿವೈಸಸ್ ಕಂಪನಿಯು ಕಾರಿನ ಏರ್‌ಬ್ಯಾಗಿಗಾಗಿ ಎಡಿಎಕ್ಸ್‌ಎಲ್50 ಎಂಬ ಸಿಲಿಕಾನ್ ವೇಗೋತ್ಕರ್ಷ ಮಾಪಕವನ್ನು ತಯಾರಿಸಿತು. ಮುಂದೆ ಇಟಲಿಯ ಇವ್ರೆಯಾದಲ್ಲಿ 2005ರಲ್ಲಿ ಆರ್ಡುಯಿನೊ ಫಲಕವೂ 2014ರಲ್ಲಿ ಇಎಸ್‌ಪಿ8266 ಎಂಬ ಅಗ್ಗದ ವೈಫೈ ಚಿಪ್ಪೂ ಬಂದವು. ಇಂದು ಕೆಲವು ನೂರು ರೂಪಾಯಿಗಳ ಬಿಡಿಭಾಗಗಳಿಂದ ಮೋಟಾರಿನ ಕಂಪನವನ್ನು ದಾಖಲಿಸಬಹುದು.

ಇದರ ತತ್ತ್ವ ಸರಳ. ನಿಮಿಷಕ್ಕೆ 1500 ಸುತ್ತು ತಿರುಗುವ ಮೋಟಾರು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. 8 ಗುಂಡುಗಳ ಬೇರಿಂಗಿನ ಹೊರಬಳೆಯಲ್ಲಿ ಸಣ್ಣ ಕುಳಿ ಬಿದ್ದರೆ, ಗುಂಡುಗಳು ಅದರ ಮೇಲೆ ಸೆಕೆಂಡಿಗೆ ಸುಮಾರು 80 ಬಾರಿ ಹಾಯುತ್ತವೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಗಣನಕ್ರಮವು ಆ ಬಡಿತವನ್ನು ಉಳಿದ ಗದ್ದಲದಿಂದ ಬೇರ್ಪಡಿಸಿ ತೋರಿಸಬಲ್ಲದು.

ಅಗ್ಗದ ಸಾಧನಕ್ಕೆ ಮಿತಿಯೂ ಉಂಟು. ಬಹುಬಳಕೆಯ ಎಡಿಎಕ್ಸ್‌ಎಲ್345 ಸೆಕೆಂಡಿಗೆ ಹೆಚ್ಚೆಂದರೆ 3200 ಬಾರಿ ಅಳೆಯುವುದರಿಂದ 1600 ಹರ್ಟ್ಸ್‌ಗಿಂತ ಮೇಲಿನದು ಅದಕ್ಕೆ ದಕ್ಕದು. ಬೇರಿಂಗಿನ ಮೊದಮೊದಲ ದೋಷಗಳು ಹಲವು ಸಾವಿರ ಹರ್ಟ್ಸ್‌ಗಳಲ್ಲಿ ತಲೆದೋರುತ್ತವೆ. ಅದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಸಂವೇದಕವು ಅಂಕಿಯನ್ನು ಕೊಡುತ್ತದೆ. ಆ ಯಂತ್ರಕ್ಕೆ ಯಾವುದು ಸಹಜ, ಯಾವುದು ಅಪಸ್ವರ ಎಂಬುದನ್ನು ಹೇಳುವವನು ಅದರೊಡನೆ ವರ್ಷಗಟ್ಟಲೆ ದುಡಿದವನೇ. ಅಂತಹ ಹಿರಿಯ ಫಿಟ್ಟರ್ ನಿವೃತ್ತನಾದ ದಿನ ಅವನ ಕಿವಿಯ ಅರಿವೂ ಗೇಟು ದಾಟಿ ಹೋಗುತ್ತದೆ. ಆದ್ದರಿಂದ ಕಂಪನದ ಅಂಕಿಗಳ ಪಕ್ಕದಲ್ಲಿ ಅವನ ಮಾತುಗಳೂ ದಾಖಲಾಗಬೇಕಾಗಿವೆ. ಅವನು ಇನ್ನೂ ಕೆಲಸದಲ್ಲಿರುವಾಗಲೇ ಈ ಕಾರ್ಯ ನಡೆಯಬೇಕು.