ಬಂಡೆಯ ನೆರಳು, ಅಕ್ಷರದ ಅಚ್ಚು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ರಾಮನಗರ ಸಮೀಪಿಸಿತೆಂದರೆ ಕಿಟಕಿಯತ್ತ ತಿರುಗುವುದು ವಾಡಿಕೆ. ಮೊದಲು ಬಂಡೆಗಳು ಕಾಣುತ್ತವೆ. ಮುಂದೆ ಚನ್ನಪಟ್ಟಣದ ಹೆಸರು ಹೊತ್ತ ಫಲಕ ಕಾಣುತ್ತದೆ. ಒಂದು ನೋಟ, ಇನ್ನೊಂದು ಬರಹ. ಈ ಸೀಮೆಯನ್ನು ಕುರಿತು ಜಾಲತಾಣವೊಂದನ್ನು ಕಟ್ಟಲು ಹೊರಟವನಿಗೆ ಬೇಕಾದುವೂ ಇವೆರಡೇ. ಇವನ್ನು ಹಿಡಿದಿಡುವ ವಿದ್ಯೆಗಳ ಚರಿತ್ರೆ ಬೇರೆ ಬೇರೆಯಾದರೂ ಎರಡಕ್ಕೂ ಒದಗಿದ ಕಷ್ಟ ಒಂದೇ ಎಂಬುದು ಸ್ವಾರಸ್ಯದ ಸಂಗತಿ.

ನೋಟದ ಕಥೆ ಮೊದಲು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಸೀಮೆಯ ಸಾವನದುರ್ಗವನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ಸೈನ್ಯದೊಡನಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದುರ್ಗಗಳನ್ನು ಬರೆದುಕೊಂಡನು. 1794ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಹೊರಬಂದವು. ಕ್ಯಾಮರಾ ಇನ್ನೂ ಹುಟ್ಟಿರಲಿಲ್ಲ. ಚಿತ್ರಕಾರನ ಗೆರೆಯನ್ನು ಕೆತ್ತುವವನು ತಗಡಿಗೆ ಇಳಿಸಬೇಕಾಗಿತ್ತು.

ಇದಾಗಿ ನೂರೆಂಬತ್ತು ವರ್ಷಗಳ ಮೇಲೆ, 1973ರ ಅಕ್ಟೋಬರಿನಲ್ಲಿ, ರಮೇಶ್ ಸಿಪ್ಪಿಯವರ ತಂಡ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರಕ್ಕಾಗಿ ಒಂದು ಊರನ್ನೇ ಕಟ್ಟಿತು. ಕ್ಯಾಮರಾ ಹಿಡಿದವರು ದ್ವಾರಕಾ ದಿವೇಚಾ. ಮುಸ್ಸಂಜೆಯಲ್ಲಿ ವಿಧವೆ ದೀಪಗಳನ್ನು ನೋಡಿಕೊಳ್ಳುವ ಚಿಕ್ಕ ದೃಶ್ಯಕ್ಕೆ ಸುಮಾರು ಇಪ್ಪತ್ತು ದಿನ ಹಿಡಿಯಿತೆಂದು ಹೇಳುವರು. ಏಕೆಂದರೆ ಬೇಕಾಗಿದ್ದ ಆ ಬೆಳಕು ದಿನಕ್ಕೆ ಕೆಲವೇ ನಿಮಿಷ ನಿಲ್ಲುವಂಥದು. ಮುಂದೆ ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳಿಗಾಗಿ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದನು. ಬಿಹಾರದ ನಿಜವಾದ ಗುಹೆಗಳು ಅವನ ಕಣ್ಣಿಗೆ ಸಪ್ಪೆಯೆನಿಸಿದ್ದವು. ಇಲ್ಲಿಯ ಬಂಡೆಯಲ್ಲೇ ಗುಹೆಯ ಬಾಯಿಗಳನ್ನು ಕೊರೆಸಿಕೊಂಡನು!

ಫಿಲ್ಮು ಎಂದರೆ ಬೆಳ್ಳಿಯ ಲವಣ ಬೆರೆತ ಜಿಲೆಟಿನ್ನಿನ ತೆಳುಪದರ. ಬೆಳಕು ಬಿದ್ದಲ್ಲಿ ಅದು ಮಾರ್ಪಡುತ್ತದೆ. ತೇವಕ್ಕೂ ಬಿಸಿಗೂ ಕೆಡುತ್ತದೆ. ಕೋಟ್ಯಂತರ ಜನ ನೋಡಿದ ‘ಶೋಲೆ’ಯ 70 ಮಿಲಿಮೀಟರ್ ಪ್ರತಿ ಒಂದೂ ಉಳಿಯಲಿಲ್ಲ, ಮೂಲ ನೆಗೆಟಿವ್ ತೀರ ಹಾಳಾಗಿತ್ತು. ಬ್ರಿಟನ್ನಿನ ಉಗ್ರಾಣವೊಂದರಲ್ಲಿಯೂ ಮುಂಬಯಿಯಲ್ಲಿಯೂ ಸಿಕ್ಕಿದ ಬೇರೆ ಸುರುಳಿಗಳಿಂದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಚಿತ್ರವನ್ನು ಸರಿಪಡಿಸಿತು. 1975ರಲ್ಲಿ ಸೆನ್ಸಾರಿನವರು ಒಪ್ಪದೆ ಬದಲಾಗಿದ್ದ ಮುಕ್ತಾಯವೂ ಅದರೊಡನೆ ಮರಳಿತು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯದಲ್ಲಿ ಅದರ ಪ್ರದರ್ಶನವಾಯಿತು.

ಇನ್ನು ಅಕ್ಷರದ ಕಥೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಆದರೂ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಕೈಬರಹವನ್ನೇ ಇಳಿಸಬಹುದು, ಮೊಳೆಗಳ ಕಾಟವಿಲ್ಲ. ಕನ್ನಡಕ್ಕೆ ಈ ಕಾಟ ಎಷ್ಟೆಂಬುದನ್ನು ನಮ್ಮ ನಾಲ್ಕು ಊರುಗಳ ಹೆಸರುಗಳೇ ಹೇಳುತ್ತವೆ. ‘ರಾಮನಗರ’ ಸಾಧು, ಒಂದು ದೀರ್ಘ ಬಿಟ್ಟರೆ ಉಳಿದುದೆಲ್ಲ ಸರಳ. ‘ಕನಕಪುರ’ದಲ್ಲಿ ಪಕಾರಕ್ಕೆ ಒಂದು ಕೊಂಬು. ‘ಮಾಗಡಿ’ಯ ಕಡೆಯಲ್ಲಿ ಗುಡಿಸು ಬಂದೊಡನೆ ಡಕಾರದ ತಲೆಕಟ್ಟೇ ರೂಪ ಬದಲಿಸುತ್ತದೆ. ‘ಚನ್ನಪಟ್ಟಣ’ದಲ್ಲಂತೂ ಎರಡು ಒತ್ತುಗಳು ಸಾಲಿನ ಕೆಳಗೆ ಇಳಿದು, ಕೆಳಗಿನ ಸಾಲಿನ ತಲೆಗೆ ತಾಗಲು ಹವಣಿಸುತ್ತವೆ. ಅಕ್ಷರಮಾಲೆ ಐವತ್ತರ ಆಸುಪಾಸಿನದಾದರೂ ಮೊಳೆ ಜೋಡಿಸುವವನ ಮುಂದಿನ ಗೂಡುಗಳು ನೂರಾರು.

ಸೀಸದ ಮೊಳೆ ಹಿಂದೆ ಸರಿದಾಗ ಅಕ್ಷರವೂ ಕೆಲಕಾಲ ಫಿಲ್ಮಿನ ಮೇಲೆಯೇ ಕುಳಿತಿತ್ತು: ಅಕ್ಷರದ ನೆಗೆಟಿವ್‌ನ ಮೂಲಕ ಬೆಳಕು ಹಾಯಿಸಿ ಪುಟವನ್ನು ಮೂಡಿಸುತ್ತಿದ್ದರು. ಬಳಿಕ ಕಂಪ್ಯೂಟರ್ ಬಂದಿತು. ಕೆ. ಪಿ. ರಾವ್ ಅವರು ಉಚ್ಚಾರಣೆಯ ಕ್ರಮದಲ್ಲಿ ಕೀಲಿ ಒತ್ತಿದರೆ ಯಂತ್ರವೇ ಅಕ್ಷರವನ್ನು ಕೂಡಿಸುವ ವಿನ್ಯಾಸವನ್ನು ಕೊಟ್ಟರು. ‘ನುಡಿ’ಯ ಕೀಲಿಮಣೆಗೆ ಅದೇ ಆಧಾರ. 1991ರಲ್ಲಿ ಯುನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಮೀಸಲಿಟ್ಟಿತು. ಪುಟದೊಡನೆ ಅದರ ಅಕ್ಷರಶೈಲಿಯನ್ನೂ ಓದುಗನ ಯಂತ್ರಕ್ಕೆ ಕಳುಹಿಸುವ ಏರ್ಪಾಡು 1998ರಲ್ಲಿ ಸೂಚಿತವಾಗಿ, 2012ರಲ್ಲಿ ಅದಕ್ಕೊಂದು ಜಾಗತಿಕ ಕಟ್ಟಳೆ ಬಂದಿತು. ‘ನೋಟೊ’, ‘ಬಾಲೂ ತಮ್ಮ’ ಮೊದಲಾದ ಕನ್ನಡ ಅಚ್ಚುಗಳು ಈಗ ಯಾರಿಗಾದರೂ ಹಣವಿಲ್ಲದೆ ದೊರೆಯುತ್ತವೆ.

ಆದರೆ ಈ ನಡುವೆ ಒಂದು ನಷ್ಟವೂ ಆಗಿಹೋಯಿತು. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದರು. ಆ ಅಚ್ಚು ಯಂತ್ರದಲ್ಲಿ ಇಲ್ಲದಿದ್ದರೆ ಇಡೀ ಲೇಖನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗೆ ಬರೆದ ಪತ್ರ, ಲೇಖನ, ಲೆಕ್ಕಪತ್ರಗಳು ಎಷ್ಟೋ ಕಡೆ ಹಳೆಯ ತಟ್ಟೆಗಳಲ್ಲಿ ಮೂಕವಾಗಿ ಬಿದ್ದಿವೆ. ಕೆಟ್ಟ ನೆಗೆಟಿವ್‌ಗೂ ಇವಕ್ಕೂ ಏನು ಭೇದ?

ಸೀಮೆಯ ಹೆಸರೇ ಮಾರ್ಪಡುತ್ತ ಬಂದಿದೆ. ಕ್ಲೋಸ್‌ಪೇಟೆ ರಾಮನಗರವಾಯಿತು, 2007ರಲ್ಲಿ ಆದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಬಂಡೆ ತಾನಾಗಿ ನಿಲ್ಲುತ್ತದೆ. ಅದರ ಚಿತ್ರವೂ ಅದರ ಹೆಸರೂ ನಿಲ್ಲಬೇಕಾದರೆ ತಲೆಮಾರಿಗೊಮ್ಮೆ ಯಾರಾದರೂ ಕುಳಿತು ಹೊಸ ಪ್ರತಿ ತೆಗೆಯಬೇಕು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ನೆಗೆಟಿವ್‌ಗಳೋ, ಹಳೆಯ ಅಚ್ಚಿನ ಕಡತಗಳೋ ಇದ್ದವರು ಆ ಕೆಲಸವನ್ನು ಈ ವರ್ಷವೇ ಆರಂಭಿಸುವುದು ಲೇಸು.